ಸಂಜೀವನ ತಂತಿ

ಸಂಜೀವನ ಎಡಗಿವಿಗೆ ಯಾವಾಗಲೂ ತುಕ್ಕಿನ ಬಣ್ಣ ಅಂಟಿರುತ್ತಿತ್ತು. ರೈಲು ಹಳಿಗೆ ಕಿವಿ ಒತ್ತಿ ಮಲಗಿ, "ಈಗ ಸಂಕದ ಮೇಲೆ ಉಂಟು," ಎನ್ನುತ್ತಿದ್ದ. ನೇತ್ರಾವತಿ ಹೊಳೆಯ ಆ ಸೇತುವೆ ಅಲ್ಲಿಂದ ಕಾಣುತ್ತಿರಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ಹೊಗೆ ಏಳುತ್ತಿತ್ತು.

ಅವನ ಅಪ್ಪ ಕೊರಗಪ್ಪಣ್ಣ ಜೆಪ್ಪುವಿನಲ್ಲಿ ನಮ್ಮ ಕೆರೆಯ ಬದಿಯ ರೈಲು ಗೇಟು ಕಾಯುತ್ತಿದ್ದರು. ಗೇಟಿಗೆ ತಾಗಿದ ಒಂದೇ ಕೋಣೆಯ ಕ್ವಾರ್ಟರ್ಸಿನಲ್ಲಿ ಅಪ್ಪ, ಮಗ ಇಬ್ಬರೇ. ಕೆರೆಯ ದಂಡೆಯಲ್ಲಿ ನಮ್ಮ ಮನೆ. ಆಗ ನನಗೆ ಹತ್ತು, ಅವನಿಗೆ ಹದಿಮೂರು.

ಒಮ್ಮೆ ಅಮ್ಮನ ಹಪ್ಪಳಕ್ಕೆ ಬರುವ ಕಾಗೆ ಓಡಿಸಲು ಅಡಿಕೆ ಹಾಳೆಯ ಗಾಳಿಚಕ್ರ ಮಾಡಿಕೊಟ್ಟ. ಅದು ತಿರುಗಿದಾಗಲೆಲ್ಲ ಒಂದು ಕೋಲು ಸೀಮೆಎಣ್ಣೆ ಡಬ್ಬಕ್ಕೆ ಬಡಿಯುತ್ತಿತ್ತು. ಕಾಗೆಗಳೇನೋ ಓಡಿದವು, ಬೆದರಿದ ದನ ಎರಡು ದಿನ ಹಾಲು ಇಳಿಸಲಿಲ್ಲ.

"ನಿನ್ನ ಕಾರುಬಾರು ಇನ್ನು ನನ್ನ ಅಂಗಳಕ್ಕೆ ತರಬೇಡ ಮಾರಾಯ!" ಎಂದರು ಅಮ್ಮ.

"ದನಕ್ಕೆ ಅಭ್ಯಾಸ ಆಗ್ಬೇಕಷ್ಟೇ ದೊಡ್ಡಮ್ಮ," ಎಂದ, ಗಂಭೀರವಾಗಿ.

ಆ ಮೇಲೆ ಮಾಡಿದ್ದು ತಂತಿ. ಕೆರೆಯ ಆಚೆ ತುದಿಯಲ್ಲಿ, ತಿರುವಿನ ಹತ್ತಿರ, ಹಳಿಗೆ ತಾಗಿಸಿ ಒಂದು ಕಬ್ಬಿಣದ ಪಟ್ಟಿ ಇಟ್ಟ. ರೈಲಿನ ಗಾಲಿ ಅದನ್ನು ಒತ್ತಿದರೆ ತಂತಿ ಎಳೆಯುತ್ತದೆ. ದಂಡೆಯ ಗೂಟಗಳ ಮೇಲೆ ಹಾದುಬಂದ ಆ ತಂತಿ ಗೇಟಿನೆದುರು ಕೆಂಪು ಬಳಿದ ತಗಡೊಂದನ್ನು ಎಬ್ಬಿಸಿ ನಿಲ್ಲಿಸುತ್ತದೆ.

"ಇಷ್ಟೆಲ್ಲ ಎಂತಕ್ಕೆ? ರೈಲು ಕೂಗ್ತದಲ್ಲ?" ಎಂದೆ.

"ನಾನು ಶಾಲೆಗೆ ಹೋದಾಗ ಬೇಕಾಗ್ತದೆ. ನೀನು ಅದನ್ನು ಮುಟ್ಟಬೇಡ, ಆಯ್ತಾ?"

ಕೊರಗಪ್ಪಣ್ಣನ ಕಿವಿ ಪೂರ್ತಿ ಹೋಗಿತ್ತು. ಮೇಲಿನವರಿಗೆ ತಿಳಿದರೆ ಕೆಲಸವೂ ಇಲ್ಲ, ಕೋಣೆಯೂ ಇಲ್ಲ. ಸ್ಟೇಷನ್ನಿನಿಂದ ಹೊರಟ ರೈಲು ದೂರದಿಂದಲೇ ಕಾಣುತ್ತಿತ್ತು. ಸಂಕದ ಕಡೆಯದು ಮಾತ್ರ ತಿರುವು ದಾಟುವ ತನಕ ಕಾಣುತ್ತಿರಲಿಲ್ಲ. ಇದೊಂದೂ ಆಗ ನನಗೆ ಗೊತ್ತಿರಲಿಲ್ಲ. ನಾನು ಅದನ್ನು ಆಟ ಎಂದುಕೊಂಡಿದ್ದೆ.

ಒಂದು ಸಂಜೆ ಗಾಳಿ ಜೋರಾಗಿತ್ತು. ಕೆರೆಯಲ್ಲಿ ಒಗೆದ ಅಮ್ಮನ ಹಸಿರು ಸೀರೆಯನ್ನು ಆ ತಂತಿಯ ಮೇಲೆ ಹರಡಿದೆ. ಹಾರಿಹೋಗದಿರಲೆಂದು ಎರಡೂ ತುದಿಗಳನ್ನು ತಂತಿಗೂ ಗೂಟಕ್ಕೂ ಸೇರಿಸಿ ಬಿಗಿದು ಕಟ್ಟಿದೆ.

ಗೂಡ್ಸ್ ರೈಲು ತಿರುವಿನಲ್ಲಿ ಕೂಗಿತು. ಕೆಂಪು ತಗಡು ಎದ್ದಿರಲಿಲ್ಲ, ಗೇಟು ತೆರೆದೇ ಇತ್ತು. ಹಂಚು ಹೇರಿದ ಎತ್ತಿನ ಗಾಡಿ ಹಳಿಯ ಮೇಲೆ. ಕೊರಗಪ್ಪಣ್ಣ ರೈಲಿಗೆ ಬೆನ್ನು ಹಾಕಿ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದರು. ಗಂಟಲು ಹರಿಯುವ ಹಾಗೆ ಕೂಗಿದೆ. ಅವರು ತಿರುಗಲೇ ಇಲ್ಲ. ಗಾಡಿಯವ ಹಾರಿದ. ಆ ಸದ್ದು! ಕೆಂಪು ಹುಡಿ ಎದ್ದು ಏನೂ ಕಾಣದಾಯಿತು. ಹುಡಿ ಇಳಿದಾಗ ಒಂದು ಎತ್ತು ಬಿದ್ದಿತ್ತು, ಇನ್ನೊಂದು ಮುರಿದ ನೊಗ ಹೊತ್ತುಕೊಂಡೇ ನಿಂತಿತ್ತು.

ಶಾಲೆಯಿಂದ ಬರುತ್ತಿದ್ದ ಸಂಜೀವ ಗೇಟಿನತ್ತ ಓಡಲಿಲ್ಲ. ತಂತಿಗುಂಟ ಕೆರೆಯ ಕಡೆಗೆ ಓಡಿದ. ಹಸಿರು ಸೀರೆಯ ಮುಂದೆ ನಿಂತು ಒಮ್ಮೆ ನನ್ನ ಕಡೆ ನೋಡಿದ.

ಇನ್ಸ್‌ಪೆಕ್ಟರು ಬಂದು ಕೊರಗಪ್ಪಣ್ಣನ ಬೆನ್ನ ಹಿಂದೆ ನಿಂತು ನಾಲ್ಕು ಸಲ ಹೆಸರು ಕೂಗಿದರು. ಅವರು ಕದಲಲಿಲ್ಲ. ಹಾದು ಹೋಗುವಾಗ ಮಾತಾಡಿಸಿದರೆ ದಿನಾ ನಗುತ್ತಿದ್ದ ಮನುಷ್ಯ, ಕಿವಿ ಕೇಳದೆಂದು ಯಾರಿಗೂ ಗೊತ್ತಾಗಿರಲಿಲ್ಲ.

"ತಂತಿ ನಾನು ಕಟ್ಟಿದ್ದು ಸರ್," ಎಂದ ಸಂಜೀವ. "ಸರಿಯಾಗಿ ಬಿಗಿದಿರಲಿಲ್ಲ. ತಪ್ಪು ನನ್ನದು."

ಅವನ ಅಂಗಿಯ ಒಳಗೆ ಹೊಟ್ಟೆಯ ಹತ್ತಿರ ಉಬ್ಬಿತ್ತು, ಒದ್ದೆಯಾಗಿತ್ತು. ಅದು ಏನೆಂದು ನನಗೊಬ್ಬಳಿಗೇ ಗೊತ್ತು. ನಾನು ಬಾಯಿ ಬಿಡಲಿಲ್ಲ.

ಮೂರನೆಯ ದಿನ ಕ್ವಾರ್ಟರ್ಸು ಬಿಟ್ಟರು. ಕೂಳೂರಿನ ಕಡೆ ಯಾರೋ ನೆಂಟರಿದ್ದಾರಂತೆ. ಹೊರಡುವ ಮೊದಲು ಸಂಜೀವ ನಮ್ಮ ಹಿತ್ತಿಲ ಬಾಗಿಲಿಗೆ ಬಂದ. ಸೀರೆಯನ್ನು ನೀಟಾಗಿ ಮಡಚಿದ್ದ.

"ಒಣಗಿದೆ. ಅಮ್ಮನಿಗೆ ಕೊಡು."

"ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಅಪ್ಪನಿಗೆ ಕಿವಿ ಕೇಳ್ತದಾ?" ಎಂದ. ಅಂಗಳ ದಾಟಿದವನು ತಿರುಗಿ, "ಗಂಟು ಒಳ್ಳೇದು ಹಾಕಿದ್ದಿ ಮಾರಾಯ್ತಿ. ಬಿಚ್ಚಲಿಕ್ಕೆ ಹಲ್ಲು ಬೇಕಾಯ್ತು," ಎಂದು ನಕ್ಕ. ಮತ್ತೆ ಅವನನ್ನು ನೋಡಲಿಲ್ಲ.

ನನ್ನ ಮಕ್ಕಳಿಗೇ ಈಗ ಅವನ ಆಗಿನಷ್ಟು ವಯಸ್ಸು. ಒದ್ದೆ ಬಟ್ಟೆಯನ್ನು ಹಗ್ಗದ ಮೇಲೆ ಹರಡಿ ಬಿಡುತ್ತೇನೆ, ಕಟ್ಟುವುದಿಲ್ಲ. ಗಾಳಿಗೆ ಕೆಸರಿನಲ್ಲಿ ಬಿದ್ದರೆ ಹೆಕ್ಕಿ ತಂದು ಇನ್ನೊಮ್ಮೆ ಒಗೆಯುತ್ತೇನೆ.