ಲಾರಿ ಹತ್ತಿದವರ ಹೆಸರು ಬರೆದಿಡುವ ಸಿತ್ತನಾ

ಬೆಳಕು ಹರಿಯುವ ಹೊತ್ತು. ಯುದ್ಧ ನಡೆದಿರುವ ಸುಡಾನಿನ ಓಮ್ದುರ್ಮಾನ್ ನಗರದ ಬಸ್ ನಿಲ್ದಾಣವೊಂದರ ಮೂಲೆಯಲ್ಲಿ ಸಿತ್ತನಾ ಇದ್ದಿಲೊಲೆಗೆ ಗಾಳಿ ಬೀಸುತ್ತಿದ್ದಾಳೆ. ಎದುರಿಗೇ ಬಂದೂಕಿನವರ ತಪಾಸಣೆ. ಮೊದಲ ಬಸ್ಸಿನಿಂದ ಇಳಿಸಿದ ಮೂವರನ್ನು ಆಗಲೇ ಲಾರಿಗೆ ತುಂಬಿದ್ದಾರೆ. ಆಕೆ ಶುಂಠಿ ಚಹಾದ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ನೆಟ್ಟಗೆ ಅಲ್ಲಿಗೇ ನಡೆಯುತ್ತಾಳೆ.

"ಇವ್ರಿಗ್ಯಾಕೆ ಚಹಾ, ಚಿಕ್ಕಮ್ಮಾ? ನಿನ್ನ ಅಳಿಯಂದ್ರಾ?" ಕಾವಲಿನವನು ಅಣಕಿಸುತ್ತಾನೆ.

"ನಿನಗೂ ತಂದಿದೀನಿ, ಕುಡಿ. ಗಂಟಲು ಒಣಗಿದ್ರೆ ಬೈಯೋಕೂ ಆಗಲ್ಲ."

ಅವನು ನಗುತ್ತ ಲೋಟ ತುಟಿಗಿಡುವಷ್ಟರಲ್ಲಿ ಲಾರಿಯಲ್ಲಿದ್ದವರು ಪಿಸುಗುಟ್ಟಿದ ಮೂರು ಹೆಸರು, ಮೂರು ಊರು ಆಕೆಯ ಕಿವಿಗೆ ಬಿದ್ದಿರುತ್ತವೆ. ಒಲೆಯ ಬಳಿ ಮರಳಿದವಳೇ ಸಕ್ಕರೆ ಕಟ್ಟಿದ್ದ ಕಾಗದದ ಮೇಲೆ ಬರೆದಿಡುತ್ತಾಳೆ. ಮಧ್ಯಾಹ್ನದೊಳಗೆ ಪ್ರಯಾಣಿಕರ ಬಾಯಲ್ಲಿ ಸುದ್ದಿ ಆಯಾ ಮನೆ ಮುಟ್ಟುತ್ತದೆ. ಈವರೆಗೆ ಇನ್ನೂರ ಹದಿನಾಲ್ಕು ಹೆಸರು. ಅವರಲ್ಲಿ ಮನೆಗೆ ಮರಳಿದವರು ಅರವತ್ತೊಂದು ಮಂದಿ. ಉಳಿದವರ ಬಗ್ಗೆ ಉತ್ತರ ಕೊಡಬೇಕಾದವರು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ.

ನಲವತ್ತೆಂಟರ ಸಿತ್ತನಾಗೆ ಈ ಕೆಲಸ ಹಚ್ಚಿದ್ದು ಸ್ವಂತ ಸಂಕಟ. ಯುದ್ಧದ ಮೊದಲ ವರ್ಷ, ರೊಟ್ಟಿ ತರಲು ಹೋದ ತಮ್ಮ ಜುಬಾರಾನನ್ನು ಹಿಡಿದೊಯ್ದರು. ಹತ್ತೊಂಬತ್ತು ದಿನ ಸೆರೆಮನೆಯ ಬಾಗಿಲಿಗೆ ಅಲೆದಳು; ತಮ್ಮ ಮರಳಲಿಲ್ಲ. "ಅಂಥವನು ಇಲ್ಲಿಗೆ ಬಂದೇ ಇಲ್ಲ ಅಂದ್ರು. ಇಡೀ ಬೀದಿ ನೋಡಿತ್ತು, ಒಬ್ರೂ ಬಾಯಿ ಬಿಡಲಿಲ್ಲ. ಮನುಷ್ಯನ್ನ ನುಂಗಿ ಬಾಯಿ ಒರೆಸಿಕೊಳ್ಳೋದು ಇಷ್ಟು ಸಲೀಸಾ?" ಆಕೆ ಸಿಟ್ಟಿನಿಂದ ಇಕ್ಕಳದಲ್ಲಿ ಕೆಂಡ ಕುಕ್ಕುತ್ತಾಳೆ.

ಕಳೆದ ತಿಂಗಳು ಔಷಧಿ ಅಂಗಡಿಯ ತೈಫೂರ್‌ನನ್ನು ಒಯ್ದಾಗಲೂ ಸೆರೆಮನೆಯ ಬಾಗಿಲಲ್ಲಿ ಅದೇ ಮಾತು: "ಬಂದಿಲ್ಲ." ಅವನ ಹೆಂಡತಿ ಸಿಹಾಮ್ ಕುಸಿದು ಕೂತಳು. ಜೊತೆಗೆ ಹೋಗಿದ್ದ ಸಿತ್ತನಾ ಬಾಗಿಲು ಕಾಯುವವನ ಮುಂದೆ ನುಗ್ಗಿದಳು.

"ಮಂಗಳವಾರ, ಮೊದಲ ಬಸ್ಸು, ಬಿಳಿ ಲಾರಿ. ನನ್ನ ಕೈಯಾರೆ ಚಹಾ ಕೊಟ್ಟೀನಪ್ಪಾ. ಬಂದಿಲ್ಲ ಅಂತ ಬರೆದು, ಕೆಳಗೆ ನಿನ್ನ ಹೆಸರು ಹಾಕಿ ರುಜು ಮಾಡು!"

ಬಾಗಿಲಲ್ಲಿದ್ದ ಹೆಂಗಸರೆಲ್ಲ "ರುಜು ಮಾಡು" ಎಂದು ಕೂಗಿದರು. ಅವನು ಮಾಡಲಿಲ್ಲ. ಹನ್ನೊಂದನೆಯ ದಿನ ತೈಫೂರ್ ಹೊರಬಂದ, ಎರಡು ಪಕ್ಕೆಲುಬು ಮುರಿಸಿಕೊಂಡು. ಅದೇ ವಾರ ಯಾರೋ ಬಂದು ಸಿತ್ತನಾಳ ಒಲೆ ಒದ್ದರು, ಕೆಂಡ ಸಿಡಿದು ಆಕೆಯ ಕೈ ಮೊಣಕೈವರೆಗೆ ಸುಟ್ಟಿತು. ಮರುದಿನ ಕೈಗೆ ಬಟ್ಟೆ ಸುತ್ತಿಕೊಂಡು ಇನ್ನೊಂದು ನಿಲ್ದಾಣದಲ್ಲಿ ಒಲೆ ಹೂಡಿದಳು. ಅದಕ್ಕೇ ಈ ಬರಹದಲ್ಲಿ ಆಕೆಯ ನಿಜವಾದ ಹೆಸರಿಲ್ಲ.

ಆಸೆ ಏನೆಂದು ಕೇಳಿದರೆ ಸೆರಗು ಸರಿಪಡಿಸಿಕೊಳ್ಳುತ್ತಾಳೆ.

"ಬರೀ ಚಹಾ ಮಾರ್ಕೊಂಡು ಇರಬೇಕು ನೋಡಿ. ಅಲ್ಲೀತನಕ, ನನ್ನ ಕಣ್ಣೆದುರು ಹೋದವನನ್ನ ಹುಟ್ಟೇ ಇರಲಿಲ್ಲ ಅನ್ನೋಕೆ ಯಾರಿಗೂ ಬಿಡಲ್ಲ."