ಬಹಾರೋಂ ಕತ್ತರಿಸದ ಉಕ್ಕು

ಕಾರಿನ ಮೂತಿಯಲ್ಲಿ ಹೊಳೆಯುವ ಬಂಪರ್ ಯಾರ ಜೀವವನ್ನೂ ಕಾಯುವುದಿಲ್ಲ. ಅದು ಬರೀ ಮುಖವಾಡ. ಗುದ್ದು ತಡೆಯುವುದು ಅದರ ಹಿಂದೆ ಅಡ್ಡಕ್ಕಿರುವ ಉಕ್ಕಿನ ತೊಲೆ. ಕಾರು ಕೊಳ್ಳುವಾಗ ಸೀಟಿನ ಹೊಲಿಗೆಯನ್ನೂ ಸವರಿ ನೋಡುವ ನಮಗೆ ಇಷ್ಟಾದರೂ ಗೊತ್ತಿರಬೇಕಿತ್ತು.

ತೈಪಿಂಗ್ ಊರಿನ ಬಹಾರೋಂಗೆ ಗೊತ್ತಿತ್ತು. ಮೂವತ್ತು ವರ್ಷದಿಂದ ಕಾರುಗಳಿಗೆ ಫೈಬರ್ ಬಂಪರ್ ಕೂರಿಸುವುದೇ ಅವನ ಕಸುಬು. ಅಂಥ ಬಂಪರ್ ಒಂದೇ ಏಟಿಗೆ ಕೂತ ಚರಿತ್ರೆಯಿಲ್ಲ. ಎಡಕ್ಕೆ ಸರಿಹೋದರೆ ಬಲಕ್ಕೆ ಬಾಯಿ ಬಿಡುತ್ತದೆ. ಬಹಾರೋಂ ಕಣ್ಣು ಮುಚ್ಚಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಉಜ್ಜಿ, ಇಟ್ಟು ನೋಡಿ, ಮತ್ತೆ ಬಿಚ್ಚಿ, ಹಟಮಾರಿ ಮಗುವಿಗೆ ಅಂಗಿ ತೊಡಿಸುವವನಂತೆ ಗೊಣಗುತ್ತಾ ಕೂರಿಸುತ್ತಿದ್ದ. ಕೂರಿಸಿ ನೋಡದೆ ಬಣ್ಣ ಹೊಡೆಸಬೇಡಿ ಎಂದು ಗ್ಯಾರೇಜಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದ.

ಅದನ್ನು ಓದದವನು ಅವನ ಅಳಿಯನಾಗುವವನೇ. ಮಗಳು ಮಸ್ತೂರಾಳ ಮದುವೆಗೆ ಎರಡೇ ದಿನ ಇರುವಾಗ ಫೈರೂಜ್ ತನ್ನ ಎರಡು ಬಾಗಿಲಿನ ಹಳೇ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದ. ಜತೆಗಿದ್ದ ಹೊಸ ಬಂಪರ್ ಆಗಲೇ ಮುತ್ತಿನ ಬಿಳುಪು ಬಳಿಸಿಕೊಂಡು ಬಂದಿತ್ತು. ದಿಬ್ಬಣದ ಮುಂದೆ ಈ ಕಾರೇ ಬರಬೇಕು.

ಇಟ್ಟು ನೋಡಿದರೆ ಎರಡು ಬೆರಳು ಮುಂದಕ್ಕೇ ನಿಂತಿತು. ಬಂಪರ್ ಬಾಯೊಳಗಿನ ಜಾಲರಿ ತೊಲೆಗೆ ತಾಕುತ್ತಿತ್ತು.

"ತೊಲೆ ಕಟ್ ಮಾಡಿಬಿಡಿ ಪಾಕ್‌ಚಿಕ್," ಅಂದ ಫೈರೂಜ್. ಮಾವನಾಗುವವನನ್ನು ಅವನು ಇನ್ನೂ ಊರವರಂತೆ ಚಿಕ್ಕಪ್ಪ ಅಂತಲೇ ಕರೆಯುತ್ತಿದ್ದ. "ಎಲ್ಲಾರೂ ಹಂಗೇ ಮಾಡೋದು."

"ಜಾಲರಿ ಕಟ್ ಮಾಡ್ತೀನಿ. ತೊಲೆ ಮುಟ್ಟಲ್ಲ."

"ಅಯ್ಯೋ, ಕಬ್ಬಿಣ ಹೊರಗೆ ಕಾಣತ್ತೆ! ಹಲ್ಲಿಗೆ ತಂತಿ ಹಾಕಿಸ್ಕೊಂಡಿರೋ ಮದುಮಗ ಅಂತ ನನ್ನ ಗೆಳೆಯರು ನಗ್ತಾರೆ."

"ನೀನು ಹೆಂಗೂ ಬಾಯಿ ಮುಚ್ಚೋನಲ್ಲ. ಕಾರೂ ಹಂಗೇ ಇರ್ಲಿ ಬಿಡು."

ಫೈರೂಜ್ ನಗಲಿಲ್ಲ. "ಹಂಗಾದ್ರೆ ಇಪೋ ಪಟ್ಟಣಕ್ಕೆ ಒಯ್ತೀನಿ. ಅಲ್ಲಿ ಹತ್ತು ನಿಮಿಷದಲ್ಲಿ ಕಟ್ ಮಾಡಿ ಕೊಡ್ತಾರೆ."

ಖಂಡಿತ ಕೊಡುತ್ತಾರೆ. ಅಂಥ ಪುಣ್ಯಾತ್ಮರು ಎಲ್ಲ ಊರಲ್ಲೂ ಇದ್ದಾರೆ. ಕೈಗೆ ಗರಗಸ ಸಿಕ್ಕರೆ ಸಾಕು, ಮುಂದಿನದು ದೇವರ ತಲೆಗೆ. ಆದರೆ ಆ ಕಾರಿನಲ್ಲಿ ನಾಡಿದ್ದಿನಿಂದ ಓಡಾಡುವವಳು ಬಹಾರೋಂನ ಮಗಳು. ಅವನು ಕೈಯಲ್ಲಿದ್ದ ಗರಗಸ ಕೆಳಗಿಟ್ಟ.

"ಚೀನೀ ಹೊಸವರ್ಷಕ್ಕೆ ಕಿತ್ತಳೆ ಬುಟ್ಟಿ ತರ್ತಾನಲ್ಲ ಯೂ ಕಿಯಾಂಗ್, ನೀನೂ ತಿಂದಿದೀಯ. ಅವನ ಕೈಯಲ್ಲಿ ಕೋಲು ಯಾಕಿದೆ ಗೊತ್ತಾ?"

"ಏನೋ ಆ್ಯಕ್ಸಿಡೆಂಟು ಅಂತಿದ್ರು."

"ಅವನ ಕಾರಿನ ತೊಲೆ ಕಟ್ ಮಾಡಿದೋನು ನಾನು. ಕಂಬಕ್ಕೆ ಗುದ್ದಿದ. ತೊಲೆ ಇದ್ದಿದ್ರೆ ಕಾಲು ಉಳೀತಿತ್ತೋ ಇಲ್ವೋ, ಅಲ್ಲಾನೇ ಬಲ್ಲ. ಅವನು ಒಂದಿನಾನೂ ಬೈದಿಲ್ಲ ಕಣೋ. ಹಣ್ಣು ತರ್ತಾನೆ. ಹದಿನೆಂಟು ವರ್ಷ ಆಯ್ತು, ಒಂದು ಹಣ್ಣೂ ನನ್ನ ಗಂಟಲಲ್ಲಿ ಇಳಿದಿಲ್ಲ."

ಚಹಾ ತಂದು ಬಾಗಿಲಲ್ಲೇ ನಿಂತಿದ್ದ ಮಸ್ತೂರಾ ಲೋಟ ಕೆಳಗಿಟ್ಟು ಅಪ್ಪನ ಕಡೆ ನೋಡಿದಳು. "ಅಬಾ, ಜಾಲರೀನೇ ಕಟ್ ಮಾಡಿ." ಆಮೇಲೆ ಫೈರೂಜ್ ಕಡೆ ತಿರುಗಿ, "ಕಾರಲ್ಲಿ ಕೂರೋಳು ನಾನು, ನಿನ್ನ ಗೆಳೆಯರಲ್ಲ. ಬೇಕಾದ್ರೆ ಅವರನ್ನೇ ಮದುವೆ ಆಗು!"

ಫೈರೂಜ್ ಗೋಡೆಯ ಮೇಲಿನ ದಪ್ಪಕ್ಷರವನ್ನು ಈಗ ಓದಿದ. ಆಮೇಲೆ ತಾನೇ ಬಂಪರ್‌ನ ಒಂದು ತುದಿ ಹಿಡಿದುಕೊಂಡ. ಬಹಾರೋಂ ಬಿಳಿ ಬಣ್ಣ ಸಿಡಿಯದಂತೆ ಟೇಪು ಅಂಟಿಸಿ, ಸಣ್ಣ ಗರಗಸದಲ್ಲಿ ಉಸಿರು ಬಿಗಿಹಿಡಿದು ಜಾಲರಿ ಕೊಯ್ದ. ಸಂಜೆ ಹೊತ್ತಿಗೆ ಬಂಪರ್ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಬಾಯಲ್ಲಿ ಉಕ್ಕು ಕಾಣುತ್ತಿತ್ತು.

ಮದುವೆಯ ದಿನ ಶನಿವಾರ, ಡೋಲಿನ ಸದ್ದಿನ ಹಿಂದೆ ಕಾರು ಬಹಾರೋಂ ಮನೆಗೆ ಬಂತು. ಮಸ್ತೂರಾ ಕಳಿಸಿದ್ದ ಜರಿ ಬಟ್ಟೆಯ ತುಂಡು ತೊಲೆಗೆ ಬಿಗಿದಿತ್ತು. ಗೇಟಿನಲ್ಲಿ ನಿಂತಿದ್ದ ಯೂ ಕಿಯಾಂಗ್ ಬಗ್ಗಿ ನೋಡಿ, ಕೋಲಿನ ತುದಿಯಿಂದ ತೊಲೆಯನ್ನು ಕುಟ್ಟಿದ. ಟಣ್ ಅಂದಿತು.

"ಇದೆ ಕಣಯ್ಯಾ ಬಹಾರೋಂ," ಅಂದ. ಅಷ್ಟೇ ಅಂದದ್ದು.

ಬಹಾರೋಂ ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿರುವಾಗ ಕಾರಿನಿಂದ ಇಳಿದ ಫೈರೂಜ್ ಅವನ ಕೈ ಹಿಡಿದ. "ಬನ್ನಿ ಅಬಾ, ಒಳಗೆ ಹೋಗೋಣ." ಮೊದಲ ಸಲ ಅವನನ್ನು ಅಪ್ಪ ಅಂತ ಕರೆದಿದ್ದ.

ಓದಿದಿರಲ್ಲ? ಇನ್ನು ಏಳಿ. ಬಂಪರ್ ಬದಲಾಯಿಸಿಕೊಂಡ ನಿಮ್ಮ ಕಾರಿನ ಮುಂದೆ ಮಂಡಿಯೂರಿ, ಒಳಗೆ ಕೈ ಹಾಕಿ ನೋಡಿ. ಉಕ್ಕು ಸಿಗದಿದ್ದರೆ, ಕತ್ತರಿಸಿದವನ ಬಾಗಿಲಿಗೆ ಇವತ್ತೇ ಹೋಗಿ ಹೊಸ ತೊಲೆ ಹಾಕಿಸಿಕೊಂಡು ಬನ್ನಿ.