ಹೆಚ್ಚಿದ ಹದಿನಾಲ್ಕು ಕಿಲೋಮೀಟರು

ಮೂವತ್ತು ವರ್ಷ ಕಂಡವರ ಕೆಟ್ಟ ಎಂಜಿನ್ ಬಿಚ್ಚಿದ ಮೆಕ್ಯಾನಿಕ್ ಕೊನೆಗೂ ತನಗೊಂದು ಹೊಸ ಕಾರು ಕೊಂಡ. ಸಾವಿರ ಕಿಲೋಮೀಟರು ಓಡಿ ಎಂಜಿನ್ ಪಳಗುವವರೆಗೆ ಮನೆಯಲ್ಲಿ ಯಾರೂ ಅದನ್ನು ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ. ಅಷ್ಟಕ್ಕೂ ನಂಬಿಕೆ ಸಾಲದೆ, ಕಾರು ನಿಲ್ಲಿಸಿದಾಗಲೆಲ್ಲ ಮೀಟರಿನ ಅಂಕಿಯನ್ನು ಶೆಡ್ಡಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದ.

ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ ಹದಿನಾಲ್ಕು ಕಿಲೋಮೀಟರು ಹೆಚ್ಚಿತ್ತು.

“ನಿನ್ನ ತಮ್ಮನ ಕೆಲಸಾನೇ ಇದು!” ಎಂದು ಹೆಂಡತಿಯ ಮೇಲೆ ಹರಿಹಾಯ್ದ.

“ಪಾಪ, ಅವನನ್ಯಾಕೆ ಅಂತೀರಿ? ಓಡಿಸಿದ್ದು ನಾನೇ. ಐವತ್ತು ದಾಟಿಸ್ಲಿಲ್ಲ, ಒಂದೇ ಸ್ಪೀಡಲ್ಲೂ ಇಡ್ಲಿಲ್ಲ. ಹೊಸ ಎಂಜಿನ್ ಹಾಗೇ ಪಳಗಿಸ್ಬೇಕು ಅಂತ ನಿದ್ದೇಲೂ ಬಡ್ಕೋತೀರಲ್ಲ!”

ಹುಳುಕು ಸಿಕ್ಕೇ ಸಿಗುತ್ತದೆಂದು ಅವನು ಎಂಜಿನ್ ಚಾಲೂ ಮಾಡಿ ಬಾನೆಟ್ಟಿಗೆ ಕಿವಿಗೊಟ್ಟ. ಶಬ್ದ ನಿನ್ನೆಗಿಂತ ನಯವಾಗಿತ್ತು. ಆಕ್ಸಿಲರೇಟರ್ ಒತ್ತುವ ತನ್ನ ಕಾಲಿನ ಮೇಲೇ ಅವನಿಗೆ ಮೊದಲ ಸಲ ಅನುಮಾನ ಬಂತು.